ಸಾಟಾ ಪೋರ್ಟ್ ಎಲ್ಲ ತುಂಬಿದೆ, ಹತ್ತು ಪೋರ್ಟ್‌ನ ಕಾರ್ಡ್ ಹಾಕಿಸಬಹುದಾ?

ರಾಜಾಜಿನಗರ_ಟೇಪು:
ಎಲ್ಲರಿಗೂ ನಮಸ್ಕಾರ. ಮನೆ ಕಂಪ್ಯೂಟರ್‌ಗೆ ಡಿಸ್ಕ್ ಸೇರಿಸಬೇಕು. ಕ್ಯಾಬಿನೆಟ್‌ನಲ್ಲಿ ಜಾಗ ಇದೆ, ಪೋರ್ಟ್ ಇಲ್ಲ. ಬೋರ್ಡ್ ಎಚ್310 ಚಿಪ್‌ಸೆಟ್‌ನದು, ಪ್ರೊಸೆಸರ್ ಐ3-8100, ಗ್ರಾಫಿಕ್ಸ್ ಕಾರ್ಡ್ ಹಾಕಿಲ್ಲ. ಡಿಸ್ಕ್‌ನ ಕೇಬಲ್ ಚುಚ್ಚುವ ಸಾಟಾ ಪೋರ್ಟ್ ಇರುವುದು ನಾಲ್ಕೇ. ಒಂದಕ್ಕೆ ಎಸ್‌ಎಸ್‌ಡಿ, ಎರಡಕ್ಕೆ ಹಳೇ ಹಾರ್ಡ್ ಡಿಸ್ಕ್, ನಾಲ್ಕನೆಯದಕ್ಕೆ ಡಿವಿಡಿ ಡ್ರೈವ್.

ಅಪ್ಪ ಆಕಾಶವಾಣಿಯಿಂದ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್‌ಗಳು ಮೂಟೆಗಟ್ಟಲೆ ಇವೆ. ಜೊತೆಗೆ ಮನೆಯ ಮದುವೆ, ನಾಮಕರಣ, ಗೃಹಪ್ರವೇಶದ ಮಿನಿ ಡಿವಿ ಟೇಪ್‌ಗಳು. ಟೇಪ್ ಹಾಳಾಗುವ ಮೊದಲೇ ಎಲ್ಲವನ್ನೂ ಕಂಪ್ಯೂಟರ್‌ಗೆ ಇಳಿಸುತ್ತಿದ್ದೇನೆ. 8 ಟಿಬಿಯ ಎರಡು ಡಿಸ್ಕ್ ತರುವ ಯೋಚನೆ ಇದೆ. ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್‌ಪಿ ರೋಡಿನಲ್ಲಿ ವಿಚಾರಿಸಿದೆ. ಒಬ್ಬರು ಬೋರ್ಡ್‌ನ ಚಿಕ್ಕ ಎಕ್ಸ್1 ಸ್ಲಾಟ್‌ಗೆ ಕೂರುವ ಹತ್ತು ಪೋರ್ಟ್‌ನ ಕಾರ್ಡ್ ತೋರಿಸಿ, "ಇದೊಂದು ಹಾಕಿಬಿಡಿ ಸಾರ್, ಆಮೇಲೆ ಯೋಚನೆನೇ ಇಲ್ಲ" ಅಂದರು. ಎದುರಿನ ಅಂಗಡಿಯವರು ಎರಡು ಪೋರ್ಟ್‌ನ ಚಿಕ್ಕ ಕಾರ್ಡ್ ಸಾಕು ಅಂದರು. ಬೆಲೆಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಯಾವುದನ್ನು ತಗೊಳ್ಳಲಿ? ಬಳಸಿ ನೋಡಿದವರು ದಯವಿಟ್ಟು ಹೇಳಿ.

ವಿಜಯನಗರ_ವೈರು:
ಹತ್ತು ಪೋರ್ಟ್‌ನದು ಬೇಡ.

ಲೇನ್_ಲೆಕ್ಕ:
ಪೋರ್ಟ್ ಎಣಿಸಬೇಡಿ ಸಾರ್, ಚಿಪ್ ನೋಡಿ. ಅಂಥ ಹತ್ತು ಪೋರ್ಟ್‌ನ ಅಗ್ಗದ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ಪೋರ್ಟ್‌ನ ಎಎಸ್‌ಎಂ1062 ತರಹದ ಕಂಟ್ರೋಲರ್. ಅದರ ಒಂದೊಂದು ಪೋರ್ಟ್‌ಗೂ ಜೆಎಂಬಿ575 ಅನ್ನುವ ಪೋರ್ಟ್ ಮಲ್ಟಿಪ್ಲೈಯರ್ ಕೂರಿಸಿ ಒಂದನ್ನು ಐದು ಮಾಡಿರುತ್ತಾರೆ. ಎರಡೈದ್ಲ ಹತ್ತು, ಅಷ್ಟೇ. ಬೋರ್ಡ್ ಕಡೆಗೆ ಇರುವುದು ಪಿಸಿಐಇ 2.0ರ ಒಂದೇ ಲೇನ್, ಅಂದರೆ ಕಾರ್ಡ್‌ಗೂ ಬೋರ್ಡ್‌ಗೂ ನಡುವೆ ಡೇಟಾ ಓಡುವ ಒಂದೇ ದಾರಿ. ಕಾಗದದ ಮೇಲೆ ಸೆಕೆಂಡಿಗೆ 500 ಎಂಬಿ, ಕೈಗೆ ಸಿಗುವುದು 400ರ ಆಸುಪಾಸು. ಒಂದೇ ಬೀದಿ ನಲ್ಲಿಗೆ ಹತ್ತು ಮನೆಯವರು ಬಿಂದಿಗೆ ಇಟ್ಟ ಹಾಗೆ.

ಹಳೇ_ಪೆಂಟಿಯಂ:
ಲೆಕ್ಕ ಸರಿ, ಆದರೆ ಅವರಿಗೆ ಅದರಿಂದ ಏನು ತೊಂದರೆ? ಮನೆಯಲ್ಲಿ ಹತ್ತು ಡಿಸ್ಕನ್ನು ಒಟ್ಟಿಗೆ ಯಾರು ಓದಿಸುತ್ತಾರೆ? ಎರಡು ಹಾರ್ಡ್ ಡಿಸ್ಕ್ ಒಟ್ಟಿಗೆ ಓಡಿದರೂ ಒಂದಕ್ಕೆ 200 ಎಂಬಿ ಅಂತ ಹಿಡಿದರೆ 400 ಆಯಿತು. ಒಂದು ಲೇನ್ ಸಾಕಲ್ವಾ. ಸುಮ್ನೆ ಹೆದರಿಸಬೇಡಿ.

ಲೇನ್_ಲೆಕ್ಕ:
ಸ್ಪೀಡ್ ಚಿಕ್ಕ ವಿಷಯ, ಒಪ್ಪುತ್ತೇನೆ. ದೊಡ್ಡ ತಲೆನೋವು ಬೇರೆ ಇದೆ. ಮಲ್ಟಿಪ್ಲೈಯರ್ ಹಿಂದೆ ಇರುವ ಐದು ಡಿಸ್ಕ್‌ಗಳಲ್ಲಿ ಒಂದು ಉತ್ತರ ಕೊಡದೆ ಸ್ವಲ್ಪ ಹೊತ್ತು ನಿಂತುಬಿಟ್ಟರೆ ಕಂಟ್ರೋಲರ್ ಆ ಲಿಂಕನ್ನೇ ರೀಸೆಟ್ ಮಾಡುತ್ತದೆ. ಆಗ ಚೆನ್ನಾಗಿದ್ದ ಉಳಿದ ನಾಲ್ಕೂ ಒಂದು ಕ್ಷಣ ಮಾಯ. ಅದೇ ಹೊತ್ತಿಗೆ ಯಾವುದಾದರೂ ಫೈಲ್ ಬರೆಯುತ್ತಿದ್ದರೆ? ಮಿರರ್ (ಎರಡು ಡಿಸ್ಕ್‌ಗೆ ಒಂದೇ ಡೇಟಾ ಬರೆಯುವುದು) ಅಥವಾ ರೇಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸುವುದು) ಮಾಡಿಕೊಂಡಿದ್ದರೆ ಅದು ಎರಡು ಮೂರು ಡಿಸ್ಕ್ ಒಟ್ಟಿಗೆ ಸತ್ತವು ಅಂತ ತಿಳಿದುಕೊಳ್ಳುತ್ತದೆ. ಮೂಲ ಟೇಪ್ ಹಾಳಾದ ಮೇಲೆ ಇದೇ ಒಂದು ಪ್ರತಿ ಉಳಿಯುವುದು ಅಂತಿದ್ದರೆ ಅಂಥ ಕಾರ್ಡನ್ನು ಮಧ್ಯೆ ತರಲೇಬಾರದು.

ಸ್ಪೀಡ್ ವಿಷಯಕ್ಕೂ ಒಂದು ಮಾತು. 8 ಟಿಬಿಯ ಡಿಸ್ಕ್ ಒಂದನ್ನು ಪೂರ್ತಿ ಓದಿ ಪರೀಕ್ಷಿಸಲು 200 ಎಂಬಿ ವೇಗದಲ್ಲಿ 11 ಗಂಟೆ ಬೇಕು. ಆ ಲೇನ್ ಹಂಚಿಕೊಂಡು 40 ಎಂಬಿಗೆ ಇಳಿದರೆ 55 ಗಂಟೆ. ಎರಡು ದಿನ ದಾಟಿತು.

ಫೋಟೋ_ಪೆಟ್ಟಿಗೆ:
ಮೊದಲು ಕಾರ್ಡ್ ಬೇಕಾ ಅಂತ ಯಾರಾದರೂ ಕೇಳಿದಿರಾ? ಡಿವಿಡಿ ಡ್ರೈವ್ ತೆಗೆದು ಯುಎಸ್‌ಬಿಗೆ ಹಾಕಿ, ಅದಕ್ಕೆ ಅಂತಲೇ ಕೇಬಲ್ ಸಿಗುತ್ತದೆ. ಸಿಸ್ಟಂ ಇರುವ ಎಸ್‌ಎಸ್‌ಡಿ ಬದಲು ಬೋರ್ಡ್ ಮೇಲಿನ ಎಂ.2 ಸ್ಲಾಟ್‌ಗೆ ಎನ್‌ವಿಎಂಇ, ಅಂದರೆ ಸಾಟಾ ಬಳಸದ ಎಸ್‌ಎಸ್‌ಡಿ ಹಾಕಿ. ಎರಡು ಪೋರ್ಟ್ ಬಿಡುವಾಯಿತು. 8 ಟಿಬಿ ಎರಡೂ ನೇರ ಬೋರ್ಡ್‌ಗೆ ಹೋಗುತ್ತವೆ.

ವಿಜಯನಗರ_ವೈರು:
ಇದು ಸರಿಯಾದ ಮಾತು. ಆದರೆ ಎಚ್310 ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ಒಂದೊಂದರಲ್ಲಿ ಒಂದೊಂದು ಥರ. ಕೆಲವದರಲ್ಲಿ ಸ್ಲಾಟೇ ಇಲ್ಲ. ಇನ್ನು ಬೇರೆ ಎಷ್ಟೋ ಬೋರ್ಡ್‌ಗಳಲ್ಲಿ ಎಂ.2ಗೆ ಸಾಟಾ ಮಾದರಿಯ ಎಸ್‌ಎಸ್‌ಡಿ ಹಾಕಿದರೆ ಒಂದು ಸಾಟಾ ಪೋರ್ಟ್ ತಾನಾಗೇ ಬಂದ್ ಆಗುತ್ತದೆ. ಒಂದು ಕೊಟ್ಟು ಒಂದು ಕಿತ್ತುಕೊಂಡಂತೆ ಆಯಿತು. ಬೋರ್ಡ್‌ನ ಮ್ಯಾನ್ಯುಯಲ್ ಇಳಿಸಿಕೊಂಡು ಸ್ಟೋರೇಜ್ ಅನ್ನುವ ಪುಟ ಓದಿ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ರಾಜಾಜಿನಗರ_ಟೇಪು:
ನೋಡಿದೆ. ಎಂ.2 ಸ್ಲಾಟ್ ಇದೆ, ಎನ್‌ವಿಎಂಇ ನಡೆಯುತ್ತದೆ ಅಂತ ಬರೆದಿದ್ದಾರೆ, ಸಾಟಾ ಪೋರ್ಟ್ ಬಂದ್ ಆಗುವ ಬಗ್ಗೆ ಏನೂ ಇಲ್ಲ. ಡಿವಿಡಿ ಡ್ರೈವ್ ಮಾತ್ರ ಸದ್ಯಕ್ಕೆ ಒಳಗೇ ಇರಲಿ, ಸೀಡಿಗಳು ಬೇಕಾದಷ್ಟಿವೆ, ದಿನಾ ಬಳಸುತ್ತಿದ್ದೇನೆ. ಅದೂ ಅಲ್ಲದೆ ಮುಂದಿನ ವರ್ಷ ಇನ್ನೂ ಒಂದೆರಡು ಡಿಸ್ಕ್ ಬೇಕಾಗಬಹುದು. ಹೇಗೂ ಕಾರ್ಡ್ ಹಾಕುವುದಾದರೆ ಈಗಲೇ ಹಾಕೋಣ ಅಂತ.

ಕುಂದಾಪ್ರದವ:
ಮಾರಾಯ್ರೆ, ಎಸ್‌ಪಿ ರೋಡಿಗೆ ಹೋಗುವುದಾದರೆ ಗಾಡಿ ಮಾತ್ರ ತಗೊಂಡು ಹೋಗಬೇಡಿ. ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೋ ನೇರ ಚಿಕ್ಕಪೇಟೆಗೆ ಬರುತ್ತದೆ, ಅಲ್ಲಿಂದ ನಡೆದೇ ಹೋಗಿ.

ಬಸವನಗುಡಿ_ಬಿಟ್ಟು:
ಹೋದವರು ಪೆಟ್ಟಿಗೆ ಮೇಲಿನ ಚಿತ್ರ ನೋಡಿ ತರಬೇಡಿ. ಕಾರ್ಡ್ ಹೊರಗೆ ತೆಗೆಸಿ, ಚಿಪ್ ಮೇಲಿನ ಅಕ್ಷರ ಓದಿ. ಹೀಟ್‌ಸಿಂಕ್ ಅಂಟಿಸಿದ್ದರೆ ಯಾವ ಚಿಪ್ ಅಂತ ಬಿಲ್‌ನಲ್ಲಿ ಬರೆಸಿಕೊಳ್ಳಿ. ಅಷ್ಟು ಕೇಳಿದರೆ ಬೇಜಾರು ಮಾಡಿಕೊಳ್ಳದ ಅಂಗಡಿಯವರು ಬೇಕಾದಷ್ಟು ಜನ ಇದ್ದಾರೆ.

ಲೇನ್_ಲೆಕ್ಕ:
ಸರಿ, ಯಾವ ಚಿಪ್ ಅಂತ ಹೇಳಿಬಿಡುತ್ತೇನೆ. ಎರಡೇ ಪೋರ್ಟ್ ಸಾಕಾದರೆ ಎಎಸ್‌ಎಂ1061, ಹಳೇದು, ಸರಳ, ಎಲ್ಲ ಕಡೆ ನಡೆಯುತ್ತದೆ. ನಾಲ್ಕು ಬೇಕಾದರೆ ಎಎಸ್‌ಎಂ1064, ಪಿಸಿಐಇ 3.0 ಒಂದು ಲೇನ್. ಐದು ಬೇಕಾದರೆ ಜೆಎಂಬಿ585, ಆರು ಬೇಕಾದರೆ ಎಎಸ್‌ಎಂ1166. ಈ ಎರಡೂ ಪಿಸಿಐಇ 3.0ರ ಎರಡು ಲೇನ್ ಬಳಸುತ್ತವೆ. ಇವುಗಳಲ್ಲಿ ಮಲ್ಟಿಪ್ಲೈಯರ್ ಇಲ್ಲ, ಪೋರ್ಟ್ ಎಲ್ಲ ಚಿಪ್‌ನದೇ. ಆರಕ್ಕಿಂತ ಜಾಸ್ತಿ ಪೋರ್ಟ್ ಇರುವ ಅಗ್ಗದ ಕಾರ್ಡ್ ಕಂಡರೆ ಒಳಗೆ ಮಲ್ಟಿಪ್ಲೈಯರ್ ಇರಬಹುದು ಅಂತ ಅನುಮಾನ ಪಡಿ.

ಇನ್ನೊಂದು ಮುಖ್ಯ ವಿಷಯ. ನಿಮ್ಮದು ಎಚ್310. ಆ ಚಿಪ್‌ಸೆಟ್ ಕೊಡುವ ಲೇನ್‌ಗಳು ಪಿಸಿಐಇ 2.0 ಮಾತ್ರ. ಅಂದರೆ ಆ ಚಿಕ್ಕ ಎಕ್ಸ್1 ಸ್ಲಾಟ್‌ಗೆ ಎಂಥ ಹೊಸ ಕಾರ್ಡ್ ಹಾಕಿದರೂ 500 ಎಂಬಿಯೇ ಮಿತಿ. ಆದರೆ ನಿಮ್ಮಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದಿರಿ. ಹಾಗಾದರೆ ದೊಡ್ಡ ಎಕ್ಸ್16 ಸ್ಲಾಟ್ ಖಾಲಿ ಇದೆ, ಅದು ನೇರ ಪ್ರೊಸೆಸರ್‌ನಿಂದ ಬರುವ ಪಿಸಿಐಇ 3.0. ಕಾರ್ಡನ್ನು ಅಲ್ಲಿ ಹಾಕಿ. ಎರಡು ಲೇನ್‌ನ ಕಾರ್ಡ್‌ಗೆ 1900 ಎಂಬಿಗೂ ಮೇಲೆ ದಾರಿ ಸಿಗುತ್ತದೆ. ಆರು ಹಾರ್ಡ್ ಡಿಸ್ಕ್ ಒಟ್ಟಿಗೆ ಓಡಿದರೂ ತುಂಬುವುದಿಲ್ಲ.

ಫೋಟೋ_ಪೆಟ್ಟಿಗೆ:
ಗ್ರಾಫಿಕ್ಸ್ ಸ್ಲಾಟ್‌ಗೆ ಡಿಸ್ಕ್ ಕಾರ್ಡ್ ಹಾಕಬಹುದಾ? ನಮ್ಮ ಅಂಗಡಿಯವರು ಆಗುವುದೇ ಇಲ್ಲ ಅಂದಿದ್ದರು.

ಲೇನ್_ಲೆಕ್ಕ:
ಧಾರಾಳವಾಗಿ ಹಾಕಬಹುದು ಮೇಡಂ. ಪಿಸಿಐಇಯಲ್ಲಿ ಚಿಕ್ಕ ಕಾರ್ಡ್ ದೊಡ್ಡ ಸ್ಲಾಟ್‌ನಲ್ಲಿ ಕೂರುತ್ತದೆ, ಅದಕ್ಕೆ ಬೇಕಾದಷ್ಟು ಲೇನ್ ಮಾತ್ರ ಬಳಸಿಕೊಳ್ಳುತ್ತದೆ. ಒಂದೇ ಎಚ್ಚರ: ಎಎಸ್‌ಎಂ1166 ಚಿಪ್ ಇದ್ದರೂ ಕೆಲವು ಕಾರ್ಡ್‌ಗಳ ಅಂಚು ಎಕ್ಸ್1 ಅಳತೆಗೇ ಕತ್ತರಿಸಿರುತ್ತದೆ. ಅದನ್ನು ಎಲ್ಲಿ ಹಾಕಿದರೂ ಒಂದೇ ಲೇನ್. ಬಂಗಾರದ ಬಣ್ಣದ ಅಂಚು ಉದ್ದ ಇದೆಯಾ ಅಂತ ಕಣ್ಣಲ್ಲೇ ನೋಡಿ ತಗೊಳ್ಳಿ.

ಸರ್ವರ್_ಸಾಮಾನು:
ಇಷ್ಟೆಲ್ಲ ಯಾಕೆ, ಎಲ್‌ಎಸ್‌ಐ 9211-8ಐ ಅನ್ನುವ ಸರ್ವರ್‌ನ ಡಿಸ್ಕ್ ಕಾರ್ಡ್ ತಗೊಳ್ಳಿ. ಸರ್ವರ್‌ನಿಂದ ಬಿಚ್ಚಿದ್ದು ಕಡಿಮೆಗೆ ಸಿಗುತ್ತದೆ. ಐಟಿ ಮೋಡ್ ಫರ್ಮ್‌ವೇರ್ ಹಾಕಿದರೆ ಎಂಟು ಡಿಸ್ಕ್ ನೇರ ಕಾಣಿಸುತ್ತವೆ, ಮಧ್ಯೆ ರೇಡ್ ಗೀಡ್ ಏನೂ ಇಲ್ಲ. ಎಸ್‌ಎಫ್‌ಎಫ್-8087 ಕೇಬಲ್ ಒಂದಕ್ಕೆ ನಾಲ್ಕು ಸಾಟಾ. ಅದರ ಗಟ್ಟಿತನ ಈ ಚಿಕ್ಕ ಕಾರ್ಡ್‌ಗಳಿಗೆ ಬರುವುದಿಲ್ಲ.

ಹಳೇ_ಪೆಂಟಿಯಂ:
ಗಟ್ಟಿ ಅನ್ನುವುದು ನಿಜ. ಆದರೆ ಅದು ಸರ್ವರ್ ಒಳಗಿನ ಜೋರು ಗಾಳಿಗೆ ಅಂತ ಮಾಡಿದ ಕಾರ್ಡ್. ಮನೆಯ ಕ್ಯಾಬಿನೆಟ್‌ನಲ್ಲಿ ಹಾಗೇ ಬಿಟ್ಟರೆ ಹೀಟ್‌ಸಿಂಕ್ ಮೇಲೆ ಬೆರಳು ಇಡಲು ಆಗುವುದಿಲ್ಲ. ಚಿಕ್ಕ ಫ್ಯಾನ್ ಒಂದನ್ನು ಅದರ ಮೇಲೇ ಕಟ್ಟಬೇಕು. ಸುಮ್ಮನೆ ಕೂತಾಗಲೂ ಕರೆಂಟ್ ತಿನ್ನುತ್ತದೆ, ಪ್ರೊಸೆಸರ್ ಪೂರ್ತಿ ನಿದ್ದೆಗೆ ಹೋಗಲೂ ಬಿಡುವುದಿಲ್ಲ. ದಿನವಿಡೀ ಆನ್ ಇಡುವವರಿಗೆ ಬಿಲ್‌ನಲ್ಲಿ ಕಾಣುತ್ತದೆ.

ಸರ್ವರ್_ಸಾಮಾನು:
ಫ್ಯಾನ್ ಕಟ್ಟುವುದು ಐದು ನಿಮಿಷದ ಕೆಲಸ.

ಹಳೇ_ಪೆಂಟಿಯಂ:
ನಿಮಗೆ ಐದು ನಿಮಿಷ. ಟೇಪ್ ಇಳಿಸುತ್ತಾ ಕೂತವರಿಗೆ ಫರ್ಮ್‌ವೇರ್ ಬದಲಿಸುವುದನ್ನೂ ಕಲಿಯಿರಿ ಅನ್ನುವುದು ಸರಿಯಾ? ಇದೇ ಜಾತಿಯ ಡೆಲ್ ಎಚ್310 ಕಾರ್ಡ್, ಐಬಿಎಂ ಎಂ1015, ಇವುಗಳನ್ನು ಕೆಲವು ಇಂಟೆಲ್ ಬೋರ್ಡ್‌ಗೆ ಹಾಕಿದರೆ ಮೆಷಿನ್ ಬೂಟೇ ಆಗುವುದಿಲ್ಲ. ಬಿ5, ಬಿ6 ಅನ್ನುವ ಎರಡು ಪಿನ್‌ಗೆ ಟೇಪ್ ಅಂಟಿಸಿದ ಮೇಲೆ ಏಳುತ್ತದೆ. ಹವ್ಯಾಸಕ್ಕೆ ಚೆನ್ನ, ನನಗೂ ಇಷ್ಟ. ಆದರೆ ಎಂಟು ಡಿಸ್ಕ್ ಇಲ್ಲದ ಮನೆಗೆ ಬೇಡ.

ವಿಜಯನಗರ_ವೈರು:
ಎಚ್310 ಚಿಪ್‌ಸೆಟ್ ಬೇರೆ, ಡೆಲ್ ಎಚ್310 ಕಾರ್ಡ್ ಬೇರೆ. ಓದುವವರು ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಕುಂದಾಪ್ರದವ:
ಹಳೇ_ಪೆಂಟಿಯಂ ಸಾರ್, ನಿಮ್ಮ ಹೆಸರು ನೋಡಿ ಕೇಳುತ್ತಿದ್ದೇನೆ. ಹಿಂದೆಯೂ ಈ ಥರ ಕಾರ್ಡ್ ಹಾಕುತ್ತಿದ್ದರಾ?

ಹಳೇ_ಪೆಂಟಿಯಂ:
ಹಾಕುತ್ತಿದ್ದರು. ಆಗ ಪೋರ್ಟ್ ಸಾಲದು ಅಂತ ಅಲ್ಲ, ಬೋರ್ಡ್‌ಗೆ ಡಿಸ್ಕ್ ಪೂರ್ತಿ ಕಾಣುತ್ತಿರಲಿಲ್ಲ ಅಂತ. ಸಾಟಾಗಿಂತ ಹಿಂದಿನ ಐಡಿಇಯಲ್ಲಿ 28 ಬಿಟ್‌ನ ವಿಳಾಸ ಇತ್ತು. ಎರಡರ 28ನೇ ಘಾತಕ್ಕೆ 512 ಬೈಟ್ ಗುಣಿಸಿದರೆ 137 ಜಿಬಿ. 160 ಜಿಬಿ ಡಿಸ್ಕ್ ತಂದು ಹಾಕಿದರೆ ಬೋರ್ಡ್‌ನ ಹಳೇ ಬಯಾಸ್ (ಕಂಪ್ಯೂಟರ್ ಏಳಿಸುವ ಪ್ರೋಗ್ರಾಂ) 137ಕ್ಕೇ ನಿಲ್ಲುತ್ತಿತ್ತು. ಪ್ರಾಮಿಸ್ ಕಂಪನಿಯ ಅಲ್ಟ್ರಾ100 ಟಿಎಕ್ಸ್2 ತರಹದ ಪಿಸಿಐ ಕಾರ್ಡ್ ಹಾಕಿದರೆ ಅದರದೇ ಬಯಾಸ್ ಇರುತ್ತಿದ್ದರಿಂದ ಪೂರ್ತಿ ಡಿಸ್ಕ್ ಸಿಗುತ್ತಿತ್ತು. ವಿಂಡೋಸ್ ಎಕ್ಸ್‌ಪಿಗೂ 2002ರ ಸರ್ವಿಸ್ ಪ್ಯಾಕ್ 1 ಬೇಕಿತ್ತು. ಇಡೀ ಪಿಸಿಐ ಬಸ್‌ಗೆ 133 ಎಂಬಿ. ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಡಿಸ್ಕ್ ಎಲ್ಲ ಅದರಲ್ಲೇ. ಅಗಲದ ಬೂದು ಬಣ್ಣದ ರಿಬ್ಬನ್ ಕೇಬಲ್ ಗಾಳಿಗೆ ಅಡ್ಡ ಬರುತ್ತದೆ ಅಂತ ಮಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆವು.

ಕುಂದಾಪ್ರದವ:
ಇದನ್ನು ಬೇರೆ ಚರ್ಚೆಯಾಗಿ ಬರೆಯಿರಿ, ಓದಲು ತುಂಬಾ ಜನ ಇದ್ದೇವೆ.

ಲೇನ್_ಲೆಕ್ಕ:
ಆ 137 ಜಿಬಿ ಮಿತಿಯ ತಮ್ಮ ಈಗಲೂ ಬದುಕಿದ್ದಾನೆ. ಎಂಬಿಆರ್ ಅನ್ನುವ ಹಳೇ ವಿಧಾನದಲ್ಲಿ ಪಾರ್ಟಿಷನ್ ಮಾಡಿದರೆ 2.2 ಟಿಬಿಗೆ ಮಿತಿ. 8 ಟಿಬಿ ಹಾಕಿದಾಗ ವಿಂಡೋಸ್ ಕೇಳುತ್ತದೆ, ಹೊಸ ವಿಧಾನ ಜಿಪಿಟಿ ಆರಿಸಿ.

ಜಯನಗರ_ನಾಲ್ಕನೇಬ್ಲಾಕ್:
ಎಲ್ಲರೂ ಕಾರ್ಡ್ ಬಗ್ಗೆ ಮಾತಾಡಿದಿರಿ, ಪವರ್ ಬಗ್ಗೆ ಯಾರೂ ಹೇಳಲಿಲ್ಲ. ಕಾರ್ಡ್ ಡೇಟಾ ಪೋರ್ಟ್ ಕೊಡುತ್ತದೆ, ಕರೆಂಟ್ ಕೊಡುವುದಿಲ್ಲ. ಡಿಸ್ಕ್ ಜಾಸ್ತಿ ಆದ ಹಾಗೆ ಸಾಟಾ ಪವರ್ ಕನೆಕ್ಟರ್ ಸಾಲದೆ ಬರುತ್ತದೆ. ಆಗ ಜನ ಒಂದನ್ನು ಎರಡು ಮಾಡುವ ಸ್ಪ್ಲಿಟರ್ ತರುತ್ತಾರೆ. ಅಲ್ಲಿದೆ ಅಪಾಯ.

ನಮ್ಮ ಪಕ್ಕದ ಮನೆಯವರ ಕಂಪ್ಯೂಟರ್‌ನಲ್ಲಿ ಸುಟ್ಟ ವಾಸನೆ ಬರುತ್ತಿದೆ ಅಂತ ಕರೆದರು. ಬಿಚ್ಚಿದೆ. ಡಿಸ್ಕ್‌ಗೆ ಚುಚ್ಚಿದ್ದ ಕಪ್ಪು ಕನೆಕ್ಟರ್‌ನ ಒಂದು ತುದಿ, ಹಳದಿ ವೈರ್ ಬರುವ ಕಡೆ, ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಎಳೆದರೆ ಬರಲಿಲ್ಲ. ಪ್ಲಾಸ್ಟಿಕ್ ಕರಗಿ ಡಿಸ್ಕ್‌ನ ಪಿನ್‌ಗೇ ಅಂಟಿಕೊಂಡಿತ್ತು. ಹಳದಿ ಅಂದರೆ 12 ವೋಲ್ಟ್. ಅದರ ಪಕ್ಕದಲ್ಲೇ ಕಪ್ಪು, ಅಂದರೆ ಅರ್ತ್. ವೈರ್‌ಗಳ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದು ಮಾಡಿದ ಅಗ್ಗದ ಕನೆಕ್ಟರ್‌ಗಳಲ್ಲಿ ಈ ಎರಡು ಒಳಗೇ ತೀರಾ ಹತ್ತಿರ ಬಂದುಬಿಟ್ಟಿರುತ್ತವೆ. ಬಿಸಿಯಾಗಿ ಒಂದು ದಿನ ತಗಲುತ್ತವೆ. ಹಿಂಭಾಗದ ಮುಚ್ಚಳ ತೆಗೆಯಲು ಬರುವ, ವೈರ್ ಒತ್ತಿ ಕೂರಿಸಿದ ಕನೆಕ್ಟರ್ ತಗೊಳ್ಳಿ. ಎಲ್ಲಕ್ಕಿಂತ ಒಳ್ಳೆಯದು, ಪವರ್ ಸಪ್ಲೈನಿಂದಲೇ ಬರುವ ಕನೆಕ್ಟರ್‌ಗಳನ್ನು ಎಣಿಸಿ, ಸಾಲದಿದ್ದರೆ ಸಪ್ಲೈಯನ್ನೇ ಬದಲಿಸಿ.

3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ 2 ಆಂಪಿಯರ್‌ವರೆಗೂ ಎಳೆಯುತ್ತದೆ. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ ಹತ್ತಿರ ಹತ್ತಿರ ನೂರು ವ್ಯಾಟ್. ಕ್ಯಾಬಿನೆಟ್ ಜೊತೆ ಉಚಿತವಾಗಿ ಬಂದ ಸಪ್ಲೈ ಅದನ್ನು ತಡೆಯುತ್ತಾ ಅಂತ ಯೋಚಿಸಿ.

ರಾಜಾಜಿನಗರ_ಟೇಪು:
ತುಂಬಾ ಉಪಕಾರ ಆಯಿತು. ಈ ಮಾತು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ನನ್ನ ಸಪ್ಲೈನಲ್ಲಿ ಆರು ಸಾಟಾ ಕನೆಕ್ಟರ್ ಇವೆ, 450 ವ್ಯಾಟ್‌ನದು.

ಜಯನಗರ_ನಾಲ್ಕನೇಬ್ಲಾಕ್:
ಹಾಗಾದರೆ ಸ್ಪ್ಲಿಟರ್ ಬೇಕಿಲ್ಲ. ಯುಪಿಎಸ್ ಇದೆಯಾ? ಏಪ್ರಿಲ್, ಮೇ ಮಳೆಗೆ ಕರೆಂಟ್ ಹೋಗಿ ಬಂದು ಮಾಡುವಾಗ ಟೇಪ್ ಇಳಿಸುತ್ತಿದ್ದರೆ ಇಡೀ ಫೈಲ್ ಹೋಗುತ್ತದೆ.

ರಾಜಾಜಿನಗರ_ಟೇಪು:
ಇದೆ.

ಬಸವನಗುಡಿ_ಬಿಟ್ಟು:
ಡಿಸ್ಕ್ ಯಾವುದು ತರುತ್ತಿದ್ದೀರಿ? ಸೀಗೇಟ್ ಬ್ಯಾರಾಕುಡಾ 8 ಟಿಬಿ ಆದರೆ ಅದು ಎಸ್‌ಎಂಆರ್. ಟ್ರ್ಯಾಕ್ ಮೇಲೆ ಟ್ರ್ಯಾಕ್ ಹೊದಿಸಿ ಬರೆಯುತ್ತದೆ, ಹಾಗಾಗಿ ದೊಡ್ಡ ಕಾಪಿ ಹಾಕಿದಾಗ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ತೆವಳುತ್ತದೆ. ಆಗ ಜನ ಕಾರ್ಡ್ ಸರಿ ಇಲ್ಲ ಅಂತ ಬೈಯುತ್ತಾರೆ. ಹಾಗೆ ಹೊದಿಸದೆ ಬರೆಯುವ, ಐರನ್‌ವುಲ್ಫ್ ತರಹದ ಸಿಎಂಆರ್ ತಗೊಳ್ಳಿ.

ಸರ್ವರ್_ಸಾಮಾನು:
ಹೆಸರು ನೋಡಿ ನಂಬಬೇಡಿ. ಡಬ್ಲ್ಯುಡಿ ರೆಡ್ ನ್ಯಾಸ್‌ಗೆ (ನೆಟ್‌ವರ್ಕ್‌ಗೆ ಸೇರಿಸುವ ಡಿಸ್ಕ್ ಪೆಟ್ಟಿಗೆ) ಅಂತಲೇ ಮಾರುತ್ತಿದ್ದ ಡಿಸ್ಕ್. ಅದರ 2ರಿಂದ 6 ಟಿಬಿಯ ಕೆಲವು ಮಾದರಿ ಎಸ್‌ಎಂಆರ್ ಅಂತ 2020ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಮಾದರಿ ಸಂಖ್ಯೆ ಹಾಕಿ ಕಂಪನಿಯ ಪಟ್ಟಿಯಲ್ಲಿ ನೋಡಿ.

ಫೋಟೋ_ಪೆಟ್ಟಿಗೆ:
ಒಂದು ವಾದ ಇದೆ. ಎಸ್‌ಎಂಆರ್ ಅಂದ ತಕ್ಷಣ ಬಿಸಾಡುವ ಅಗತ್ಯ ಇಲ್ಲ. ಒಂದು ಸಲ ಬರೆದು ಇಟ್ಟುಬಿಡುವ ಫೋಟೋ, ಟೇಪ್‌ಗೆ ಅದೂ ನಡೆಯುತ್ತದೆ. ನನ್ನ ಹಳೇ ಫೋಟೋಗಳೆಲ್ಲ ಅಂಥದ್ದರಲ್ಲೇ ಇವೆ, ಓದುವಾಗ ಯಾವ ವ್ಯತ್ಯಾಸವೂ ಇಲ್ಲ. ರೇಡ್ ಮಾಡುವವರಿಗೆ ಮಾತ್ರ ಬೇಡ.

ಬಸವನಗುಡಿ_ಬಿಟ್ಟು:
ಅದು ಸರಿ. ಆದರೆ ಎರಡು 8 ಟಿಬಿ ಅಂದರೆ ಮಿರರ್ ಮಾಡುವ ಯೋಚನೆ ಇರಬೇಕು ಅಲ್ವಾ?

ರಾಜಾಜಿನಗರ_ಟೇಪು:
ಹೌದು, ಮಿರರ್ ಅಂದುಕೊಂಡಿದ್ದೆ. ಒಂದು ಹೋದರೂ ಇನ್ನೊಂದು ಇರಲಿ ಅಂತ.

ಲೇನ್_ಲೆಕ್ಕ:
ಇಲ್ಲಿ ಸ್ವಲ್ಪ ನಿಲ್ಲಿ. ಮೊದಲು ಎಷ್ಟು ಜಾಗ ಬೇಕು ನೋಡೋಣ. ಮಿನಿ ಡಿವಿ ಟೇಪ್ ಒಂದು ಗಂಟೆಗೆ ಸುಮಾರು 13 ಜಿಬಿ. ಕ್ಯಾಸೆಟನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿದರೂ ಗಂಟೆಗೆ 2 ಜಿಬಿ ಚಿಲ್ಲರೆ, ಗುಣಮಟ್ಟ ಕೆಡದಂತೆ ಕುಗ್ಗಿಸುವ ಫ್ಲಾಕ್ ಮಾಡಿದರೆ ಇನ್ನೂ ಕಡಿಮೆ. ನೂರು ಡಿವಿ ಟೇಪ್ ಅಂದರೂ 1.3 ಟಿಬಿ. ಐನೂರು ಗಂಟೆಯ ಕ್ಯಾಸೆಟ್ ಅಂದರೂ 1 ಟಿಬಿ. 8 ಟಿಬಿ ಒಂದೇ ಬಹಳ ಕಾಲ ಬರುತ್ತದೆ.

ಇನ್ನು ಮಿರರ್. ಅದು ಡಿಸ್ಕ್ ಸತ್ತರೆ ಮಾತ್ರ ಕಾಪಾಡುತ್ತದೆ. ಮಗು ಬಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ವೈರಸ್ ಬಂದರೂ ಅಷ್ಟೇ. ಸಿಡಿಲಿಗೆ ಸಪ್ಲೈ ಸುಟ್ಟು ಹಾಯ್ದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ. ಒಂದು 8 ಟಿಬಿ ಒಳಗೆ ಇಡಿ. ಇನ್ನೊಂದನ್ನು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ, ವಾರಕ್ಕೊಮ್ಮೆ ಕಾಪಿ ಮಾಡಿ, ಬಿಚ್ಚಿ ಬೀರುವಿನಲ್ಲಿಡಿ. ಅದಕ್ಕಿಂತ ಒಳ್ಳೆಯದು ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ಅಪ್ಪನ ಕೈಯ ರೆಕಾರ್ಡಿಂಗ್ ಇನ್ನೊಂದು ಸಲ ಎಲ್ಲಿಂದ ಬರುತ್ತದೆ ಸಾರ್?

ಸರ್ವರ್_ಸಾಮಾನು:
ಇದಕ್ಕೆ ನನ್ನದೂ ಒಪ್ಪಿಗೆ ಇದೆ. ಮಿರರ್ ಮಾಡಲೇಬೇಕು ಅಂದರೆ ಕಾರ್ಡ್‌ನ ರೇಡ್ ಬಳಸಬೇಡಿ, ಕಾರ್ಡ್ ಸತ್ತ ದಿನ ಅದೇ ಥರದ ಕಾರ್ಡ್ ಹುಡುಕಬೇಕಾಗುತ್ತದೆ. ಎಚ್310 ಚಿಪ್‌ಸೆಟ್‌ನಲ್ಲಿ ಇಂಟೆಲ್ ರೇಡ್ ಹೇಗೂ ಇಲ್ಲ. ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್ ಬಳಸಿ, ಅದು ಯಾವ ಪೋರ್ಟ್‌ಗೆ ಹಾಕಿದರೂ ಡಿಸ್ಕ್ ಗುರುತಿಸುತ್ತದೆ.

ವಿಜಯನಗರ_ವೈರು:
ಯುಎಸ್‌ಬಿ ಡಬ್ಬಿ ಅಂದಿರಿ, ಒಂದು ಮಾತು ಸೇರಿಸುತ್ತೇನೆ. ಕೆಲವು ಡಬ್ಬಿಗಳು ಡಿಸ್ಕ್‌ನ ಸೆಕ್ಟರ್ ಅಳತೆ 4096 ಬೈಟ್ ಅಂತ ತೋರಿಸುತ್ತವೆ. ಅಂಥ ಡಿಸ್ಕ್ ಬಿಚ್ಚಿ ನೇರ ಸಾಟಾಗೆ ಹಾಕಿದರೆ ಖಾಲಿ ಡಿಸ್ಕ್ ಥರ ಕಾಣುತ್ತದೆ, ವಿಂಡೋಸ್ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಹೂಂ ಅನ್ನಬೇಡಿ. ಮತ್ತೆ ಅದೇ ಡಬ್ಬಿಗೆ ಹಾಕಿದರೆ ಫೈಲ್ ಎಲ್ಲ ಇರುತ್ತವೆ.

ಕುಂದಾಪ್ರದವ:
ಅಂದರೆ ಕೊನೆಗೆ ಕಾರ್ಡೇ ಬೇಡ ಅಂತಾಯಿತಾ?

ಲೇನ್_ಲೆಕ್ಕ:
ಇವತ್ತಿಗೆ ಬೇಡ. ಎನ್‌ವಿಎಂಇ ಹಾಕಿದರೆ ಒಂದು ಪೋರ್ಟ್ ಬಿಡುವಾಗುತ್ತದೆ, ಒಂದು 8 ಟಿಬಿ ಅಲ್ಲಿ ಕೂರುತ್ತದೆ. ಮುಂದಿನ ವರ್ಷ ನಿಜಕ್ಕೂ ಬೇಕಾದರೆ ಆಗ ಎಎಸ್‌ಎಂ1166 ತಂದು ದೊಡ್ಡ ಸ್ಲಾಟ್‌ಗೆ ಹಾಕಿ.

ಹಳೇ_ಪೆಂಟಿಯಂ:
ನಾನು ಇದಕ್ಕೆ ಒಪ್ಪುವುದಿಲ್ಲ. ಹಳೇ ಎರಡು ಡಿಸ್ಕ್‌ನಿಂದ ಹೊಸದಕ್ಕೆ ಕಾಪಿ ಮಾಡುತ್ತಾ, ಡಿವಿಡಿಯನ್ನೂ ಓದಿಸುತ್ತಾ ಇರುವವರಿಗೆ ಬಿಡುವಿನ ಪೋರ್ಟ್ ಒಂದೆರಡು ಇದ್ದರೆ ಕೆಲಸ ಹಗುರ. ಎರಡು ಪೋರ್ಟ್‌ನ ಒಳ್ಳೆಯ ಕಾರ್ಡ್ ದೊಡ್ಡ ಖರ್ಚೇನೂ ಅಲ್ಲ. ಸಿಸ್ಟಂ ಡಿಸ್ಕ್ ಮಾತ್ರ ಬೋರ್ಡ್‌ನಲ್ಲೇ ಇರಲಿ, ಕಾರ್ಡ್‌ನಿಂದ ಬೂಟ್ ಮಾಡಲು ಹೋಗಬೇಡಿ. ಡಿವಿಡಿ ಡ್ರೈವನ್ನೂ ಬೋರ್ಡ್‌ನಲ್ಲೇ ಬಿಡಿ, ಕೆಲವು ಕಾರ್ಡ್‌ಗಳಿಗೆ ಅದು ಸರಿ ಹೋಗುವುದಿಲ್ಲ. ಡೇಟಾ ಡಿಸ್ಕ್ ಕಾರ್ಡ್‌ಗೆ.

ಜಯನಗರ_ನಾಲ್ಕನೇಬ್ಲಾಕ್:
ಯಾವುದೇ ಹಾಕಿ, ಆಮೇಲೆ ಡಿಸ್ಕ್ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಸಿ7 ಅನ್ನುವ ಸಾಲು ನೋಡಿ. ಸಿಆರ್‌ಸಿ ತಪ್ಪುಗಳ, ಅಂದರೆ ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ ಅದು. ದೊಡ್ಡ ಕಾಪಿ ಮಾಡಿದ ಮೇಲೆ ಆ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಹಾಳಾಗಿದೆ ಅಂತ ಅಲ್ಲ, ಹೆಚ್ಚಾಗಿ ಕೇಬಲ್ ಸಡಿಲ ಇರುತ್ತದೆ ಅಥವಾ ಕಳಪೆ ಇರುತ್ತದೆ. ಕಾರ್ಡ್ ಜೊತೆ ಪ್ಯಾಕೆಟ್‌ನಲ್ಲಿ ಬರುವ ಕೆಂಪು ಕೇಬಲ್ ಬಿಟ್ಟು ಕ್ಲಿಪ್ ಇರುವ ಕೇಬಲ್ ಹಾಕಿ. ಹಳೇ ಸಂಖ್ಯೆ ಅಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು.

ರಾಜಾಜಿನಗರ_ಟೇಪು:
ಎಲ್ಲರಿಗೂ ಧನ್ಯವಾದ. ಎನ್‌ವಿಎಂಇ ಹಾಕುತ್ತೇನೆ, ಒಂದು 8 ಟಿಬಿ ಸಿಎಂಆರ್ ಒಳಗೆ, ಇನ್ನೊಂದು ಡಬ್ಬಿಯಲ್ಲಿ ತಂಗಿಯ ಮನೆಗೆ. ಜೊತೆಗೆ ಎರಡು ಪೋರ್ಟ್‌ನ ಎಎಸ್‌ಎಂ1061 ಕಾರ್ಡ್ ಒಂದನ್ನೂ ತರುತ್ತೇನೆ. ಹಳೇ_ಪೆಂಟಿಯಂ ಹೇಳಿದ ಹಾಗೆ ಕಾಪಿ ಕೆಲಸಕ್ಕೆ ಬೇಕಾಗುತ್ತದೆ.

ಕೆಂಗೇರಿ_ಹೊಸಬ:
ಮಧ್ಯೆ ಬಂದೆ, ಕ್ಷಮಿಸಿ. ನನ್ನದು ಎಎಂಡಿ ಬಿ450 ಬೋರ್ಡ್. ಗ್ರಾಫಿಕ್ಸ್ ಕಾರ್ಡ್ ಮೊದಲ ಸ್ಲಾಟ್‌ನಲ್ಲಿ ಇದೆ. ಕೆಳಗಿನ ಉದ್ದದ ಸ್ಲಾಟ್‌ಗೆ ಜೆಎಂಬಿ585 ಹಾಕಿದರೆ ಐದು ಹಾರ್ಡ್ ಡಿಸ್ಕ್ ನಡೆಯುತ್ತವಾ?

ಲೇನ್_ಲೆಕ್ಕ:
ನಡೆಯುತ್ತವೆ. ಆ ಸ್ಲಾಟ್ ಚಿಪ್‌ಸೆಟ್‌ನಿಂದ ಬರುತ್ತದೆ, ಬಿ450ರಲ್ಲಿ ಅದು ಪಿಸಿಐಇ 2.0. ಎರಡು ಲೇನ್‌ಗೆ 1000 ಎಂಬಿ. ಐದು ಡಿಸ್ಕ್‌ಗೆ ತಲಾ 200, ಅಂಚಿಗೆ ಬಂದು ನಿಲ್ಲುತ್ತದೆ. ಎಸ್‌ಎಸ್‌ಡಿಗಳನ್ನು ಮಾತ್ರ ಆ ಕಾರ್ಡ್‌ಗೆ ಹಾಕಬೇಡಿ, ಬೋರ್ಡ್‌ನ ಪೋರ್ಟ್‌ಗೇ ಹಾಕಿ. ಎರಡನೇ ಎಂ.2 ಇದ್ದರೆ ಆ ಸ್ಲಾಟ್ ಜೊತೆ ಲೇನ್ ಹಂಚಿಕೊಳ್ಳುತ್ತದಾ ಅಂತ ಮ್ಯಾನ್ಯುಯಲ್ ನೋಡಿ.

ಕೆಂಗೇರಿ_ಹೊಸಬ:
ಹಂಚಿಕೊಳ್ಳುತ್ತದೆ ಅಂತ ಇದೆ. ಎಂ.2 ಖಾಲಿ ಬಿಟ್ಟಿದ್ದೇನೆ.

ಲೇನ್_ಲೆಕ್ಕ:
ಹಾಗಾದರೆ ತೊಂದರೆ ಇಲ್ಲ. ಹಾಕಿ.